ಜಾಣೆಯಾದ ದಿನ ಹುಳುಮನೆಗೆ

ವರ್ಷದಲ್ಲಿ ಕೆಲವು ಸಲ ನಮ್ಮ ಮನೆಯವರೆಲ್ಲ ಇದ್ದಕ್ಕಿದ್ದಂತೆ ದನಿ ತಗ್ಗಿಸಿಬಿಡುತ್ತಿದ್ದರು. ಹೊಸದಾಗಿ ಬಂದ ನೆಂಟರು, ಒಳಗೆ ಯಾರೋ ಕಾಯಿಲೆಯಿಂದ ಮಲಗಿದ್ದಾರೇನೋ ಎಂದು ಗಾಬರಿಯಿಂದ ಚಪ್ಪಲಿ ಬಿಡುತ್ತಿದ್ದರು. ಕಾಯಿಲೆಯೂ ಅಲ್ಲ, ಬಾಣಂತನವೂ ಅಲ್ಲ. ಹಿತ್ತಿಲ ಕಡೆಗೆ ಮನೆಗೆ ಅಂಟಿಕೊಂಡಿದ್ದ ಉದ್ದನೆಯ ಕೋಣೆಯಲ್ಲಿ ರೇಷ್ಮೆ ಹುಳುಗಳು ಮೇಯುತ್ತಿವೆ ಎಂದಷ್ಟೇ ಅದರ ಅರ್ಥ. ಆ ಕೋಣೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಹುಳು ಬಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಅಮ್ಮ ಒಗ್ಗರಣೆ ಹಾಕುವಂತಿರಲಿಲ್ಲ. ಮೆಣಸಿನಕಾಯಿ ಸೀದ ಘಾಟು ಹುಳುಗಳಿಗೆ ಆಗದು. ಸೊಪ್ಪಿನ ಸಾರು, ಹುರುಳಿ ಸಾರು ಯಾವುದಾದರೂ ಒಗ್ಗರಣೆಯಿಲ್ಲದೆ, ಮಂಕಾದ ಮುಖ ಹೊತ್ತು ಮುದ್ದೆಯ ಪಕ್ಕಕ್ಕೆ ಬರುತ್ತಿತ್ತು. ತಾತನ ಬೀಡಿ ಮನೆಯಿಂದಾಚೆ ಹೊಂಗೆಮರದ ಬುಡಕ್ಕೆ ಗಡೀಪಾರಾಗುತ್ತಿತ್ತು. ಬೀಡಿಯ ಹಿಂದೆ ತಾತನೂ ಹೋಗುತ್ತಿದ್ದರು. ಊದುಬತ್ತಿ ಹಚ್ಚುವಂತಿಲ್ಲ, ಸೋಮವಾರದ ಪೂಜೆಗೂ ಬರೀ ದೀಪ. ಘಮ್ಮೆನ್ನುವ ಪೌಡರ್ ಬಳಿದುಕೊಂಡು ಯಾರೂ ಹಿತ್ತಿಲಿಗೆ ಬರುವಂತಿಲ್ಲ. "ದೇವ್ರಿಗೂ ಹುಳದ್ ಪಥ್ಯ" ಎಂದು ಅಮ್ಮ ಗೊಣಗುತ್ತಿದ್ದಳು. ಅದನ್ನೂ ಮೆಲ್ಲಗೇ ಗೊಣಗುತ್ತಿದ್ದಳು.

ಈ ಕಟ್ಟುಪಾಡುಗಳನ್ನೆಲ್ಲ ಮಾಡಿದವಳು ಕೆಂಪತ್ತೆ, ಅಪ್ಪನ ಅಕ್ಕ. ಅವಳನ್ನು ಅನುಗೊಂಡನಹಳ್ಳಿಯ ಕಡೆ ಮದುವೆ ಮಾಡಿಕೊಟ್ಟಿದ್ದರಂತೆ. ಗಂಡ ಬೇಗ ತೀರಿಕೊಂಡ ಮೇಲೆ, ಒಂದು ಕಬ್ಬಿಣದ ಟ್ರಂಕು ಹಿಡಿದು ದೊಡ್ಡಬೆಳವಂಗಲದ ಬಸ್ಸಿನಿಂದ ಇಳಿದು ತವರಿಗೆ ನಡೆದುಬಂದಳಂತೆ. ನಾನು ಹುಟ್ಟುವ ಮುಂಚಿನ ಮಾತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ಯಾರ ಹಂಗಿನವಳಂತೆಯೂ ಕಾಣುತ್ತಿರಲಿಲ್ಲ. ಎತ್ತು, ಹೊಲ, ಸಂತೆಯ ಮಾತು ಅಪ್ಪನದಾದರೆ ಹುಳುಮನೆಯ ಮಾತು ಅವಳದು. ಅವಳು ಅಲ್ಲಿಂದ ಹೊರಗೆ ಬಂದಾಗ ಕೂದಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಚೂರುಗಳಿರುತ್ತಿದ್ದವು, ಮೈಯಿಂದ ಹಸಿರು ವಾಸನೆ ಬರುತ್ತಿತ್ತು. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ತೋಟಕ್ಕೆ ಕಾಲಿಟ್ಟಾಗ ಬರುತ್ತದಲ್ಲ, ಅಂಥದು. ಮಕ್ಕಳು ಹುಳುಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ನಾನು ಹಿತ್ತಿಲ ಕಲ್ಲಿನ ಮೇಲೆ ಹತ್ತಿ, ಕಿಟಕಿಗೆ ಬಡಿದ ಸೊಳ್ಳೆಪರದೆಗೆ ಮೂಗೊತ್ತಿ ನಿಂತಿರುತ್ತಿದ್ದೆ. ಒಳಗೆ ಕತ್ತಲು. ಕತ್ತಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿದಿರಿನ ತಟ್ಟೆಗಳು. ತಟ್ಟೆಗಳ ಮೇಲೆ ಏನೋ ಬೆಳ್ಳಗೆ ಮಿಸುಕಾಡುತ್ತಿತ್ತು. ಅದಕ್ಕಿಂತ ಹೆಚ್ಚು ಕಾಣುತ್ತಿರಲಿಲ್ಲ. ಕಾಣದ್ದರಿಂದಲೇ ನಾನು ಅದನ್ನು ಕನಸಿನಲ್ಲೂ ಕಾಣುತ್ತಿದ್ದೆ.

ನನಗೆ ಆಗ ಉಗ್ಗು ಇತ್ತು. ಈಗಲೂ ಇದೆ, ಆದರೆ ಈಗ ಅದು ಸಾಕಿದ ಪ್ರಾಣಿ. ಆಗ ಕಾಡುಪ್ರಾಣಿ. ನನ್ನ ಹೆಸರು ಮಂಜುಳ. ಆ ಹೆಸರಿನ ಮೊದಲ ಅಕ್ಷರವೇ ನನ್ನ ತುಟಿಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಶಾಲೆಯಲ್ಲಿ ಹೊಸಬರು ಯಾರಾದರೂ ಬಂದು ಹೆಸರು ಕೇಳಿದರೆ ಮ, ಮ, ಮ ಎನ್ನುತ್ತ ನಿಂತುಬಿಡುತ್ತಿದ್ದೆ. ಹಿಂದಿನ ಸಾಲಿನಿಂದ ಮುನಿರಾಜ ಎಂಬ ಹುಡುಗ ಮೇಕೆಯಂತೆ ಕೂಗುತ್ತಿದ್ದ. ತರಗತಿಯೆಲ್ಲ ಒಂದು ಮಂದೆಯಾಗಿ ಅವನ ಜೊತೆ ಕೂಗುತ್ತಿತ್ತು. ಬೈಯಬೇಕೆಂದರೆ ಬೈಗುಳವೂ ಹೊರಗೆ ಬಾರದು. ಬಂದರೂ ತುಂಡು ತುಂಡಾಗಿ ಬಂದು ಇನ್ನಷ್ಟು ನಗೆಗೆ ಎಡೆಮಾಡುತ್ತಿತ್ತು. ಹಾಗಾಗಿ ನಾನು ಮಾತಿನ ದಾರಿ ಬಿಟ್ಟು ಹಲ್ಲಿನ ದಾರಿ ಹಿಡಿದೆ. ಕೈಗೆ ಸಿಕ್ಕವರ ತೋಳು, ಹೆಗಲು, ಒಮ್ಮೊಮ್ಮೆ ಕಿವಿ. ಹಲ್ಲು ಊರಿದೊಡನೆ ಸದ್ದು ನಿಲ್ಲುತ್ತಿತ್ತು. ಆಮೇಲೆ ಬೀಳುವ ಏಟು, ಮೂಲೆಯಲ್ಲಿ ಮೊಳಕಾಲೂರುವ ಶಿಕ್ಷೆ, ಸಂಜೆ ಅಪ್ಪನ ಹುಣಿಸೆ ಬರಲಿನ ಬಾಸುಂಡೆ, ಇವೆಲ್ಲ ನನಗೆ ಆ ಒಂದು ಕ್ಷಣದ ನಿಶ್ಶಬ್ದಕ್ಕೆ ತೆರುವ ಬೆಲೆಯೆಂಬಂತೆ ಒಗ್ಗಿಹೋಗಿದ್ದವು.

ಒಂದು ಸಂಜೆ ಮುನಿರಾಜನ ತಾಯಿ ಮಗನ ರಟ್ಟೆ ಹಿಡಿದು ನಮ್ಮ ಜಗಲಿಯ ಮುಂದೆ ನಿಂತಳು. ಅವನ ಮುಂಗೈಯಲ್ಲಿ ನನ್ನ ಹಲ್ಲುಗಳು ಕೆಂಪಗೆ ಎದ್ದು ಕೂತಿದ್ದವು.

"ನೋಡ್ರಪ್ಪಾ, ನಿಮ್ಮನೆ ಮಗು ಕಚ್ಚಿರೋದ್ನ! ಹೆಣ್ಣುಮಗುವೋ ಇಲ್ಲ ನಾಯಿಮರಿನೋ? ನಾಳೆ ಇದುನ್ನ ಯಾರು ಮದ್ವೆ ಆಗ್ತಾರೆ?"

ಅಪ್ಪ ಹಿತ್ತಿಲಿಗೆ ಹೋಗಿ ಹುಣಿಸೆ ಬರಲು ಮುರಿದುಕೊಂಡು ಬಂದರು. ಅಪ್ಪ ಕೆಟ್ಟವರಲ್ಲ. ಮಕ್ಕಳನ್ನು ಬೆಳೆಸುವುದಕ್ಕೆ ಅವರಿಗೆ ಗೊತ್ತಿದ್ದ ಸಲಕರಣೆ ಅದೊಂದೇ. ನಾನು ಕಂಬವನ್ನು ತಬ್ಬಿ ನಿಂತೆ. ಮುನಿರಾಜ ಕುತೂಹಲದಿಂದ ಬಾಯಿ ತೆರೆದು ಕಾಯುತ್ತಿದ್ದ. ಆಗ ಹುಳುಮನೆಯ ಬಾಗಿಲು ಸರಿಸಿ ಕೆಂಪತ್ತೆ ಬಂದಳು.

"ಹೋದ್ ವಾರಾನೂ ಹೊಡ್ದೆ. ಕಚ್ಚೋದ್ ಬಿಟ್ಲೇನಪ್ಪಾ?"

"ಮತ್ತೇನ್ ಮಾಡ್ಲಿ ಅಕ್ಕ? ಎತ್ಕೊಂಡು ಮುದ್ದಾಡ್ಲಾ?"

ಅತ್ತೆ ಸೀದಾ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಲೇ ಮಂಜಿ, ಹುಳದ್ ಮನೆ ಕಿಟಕೀಗೆ ಹಲ್ಲಿ ಥರ ಅಂಟ್ಕೊಂಡಿರ್ತೀಯಲ್ಲ, ಒಳಗ್ ಬರ್ಬೇಕಾ?"

ನಾನು ತಲೆಯಾಡಿಸಿದೆ.

"ಇಸ್ಕೂಲಲ್ಲಿ ಯಾರನ್ನೂ ಕಚ್ದೆ, ಹೊಡೀದೆ ಬಂದ ದಿನ ನಾನೇ ಕರ್ಕೊಂಡ್ ಹೋಗ್ತೀನಿ. ಕಚ್ಚಿದ್ ದಿನ ಇಲ್ಲ. ಬೈಯಲ್ಲ, ಹೊಡಿಯಲ್ಲ, ಬರೀ ಒಳಗ್ ಬಿಡಲ್ಲ. ಆಗ್ಬೋದಾ?"

ಅಪ್ಪ ಬರಲನ್ನು ನೆಲಕ್ಕೆ ಬಡಿದರು.

"ಚೆನ್ನಾಗೈತೆ ಕಣಕ್ಕ! ಲಂಚ ಕೊಟ್ಟು ಬುದ್ಧಿ ಕಲಿಸ್ತೀಯಾ? ನಾಳೆ ಉಣ್ಣೋಕೂ ಏನ್ ಕೊಡ್ತೀಯ ಅಂತ ಕೇಳ್ತಾಳೆ."

"ಉಳುಮೆ ಮುಗ್ಸಿ ಬಂದ್ ಎತ್ತಿಗೆ ನೀನು ಹಿಂಡಿ ಇಡಲ್ವಾ? ಅದೂ ಲಂಚಾನಾ?"

"ಎತ್ತು ಬೇರೆ, ಮಗು ಬೇರೆ."

"ಹೂಂ, ಬೇರೇನೆ. ಎತ್ತಿಗೆ ಬಾರುಕೋಲ್ ಎತ್ತೋಕ್ ಮುಂಚೆ ನೀನು ಒಂದ್ ಸಲ ಯೋಚ್ನೆ ಮಾಡ್ತೀಯ."

ಮುನಿರಾಜನ ತಾಯಿಗೆ ನಗು ಬಂದು, ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಮ್ಮ ಒಳಗಿನಿಂದ ಒಂದು ಉಂಡೆ ಬೆಲ್ಲ ತಂದು ಮುನಿರಾಜನ ಕೈಗಿಟ್ಟಳು. ಕಚ್ಚಿಸಿಕೊಂಡವನಿಗೂ ಏನಾದರೂ ಸಿಗಬೇಕಲ್ಲ. ಹೊಂಗೆಮರದ ಕೆಳಗಿನಿಂದ ತಾತ, "ನಾನೂ ಬೀಡಿ ಸೇದ್ದೆ ಇದ್ರೆ ಒಳಗ್ ಬಿಡ್ತೀಯೇನವ್ವಾ ಕೆಂಪಿ?" ಎಂದು ಕೂಗಿದರು. ಅಪ್ಪ ಬರಲನ್ನು ಸೂರಿನ ಸಂದಿಗೆ ಸಿಕ್ಕಿಸಿಟ್ಟರು. ಎಸೆಯಲಿಲ್ಲ, ಮೇಲಿಟ್ಟರು ಅಷ್ಟೆ.

ಶಾಲೆಯ ಸುದ್ದಿ ಮನೆಗೆ ತಿಳಿಯುವುದು ಕಷ್ಟವಿರಲಿಲ್ಲ. ನಮ್ಮ ಟೀಚರ್ ಬಳ್ಳಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಂಜೆ ಬಸ್ಸಿಗೆ ನಮ್ಮ ಮನೆಯ ಮುಂದೆಯೇ ಹೋಗಬೇಕು. ಕೆಂಪತ್ತೆ ಅವರನ್ನು ದಾರಿಯಲ್ಲೇ ನಿಲ್ಲಿಸಿ ಏನೋ ಹೇಳಿದಳು. ಅವರು ಛತ್ರಿ ಮಡಿಸುತ್ತ ನನ್ನ ಕಡೆ ನೋಡಿ ನಕ್ಕರು. ಮಾರನೆಯ ದಿನ ಮುನಿರಾಜ ಮೇಕೆಯಂತೆ ಕೂಗಿದಾಗ ನನ್ನ ದವಡೆ ತಾನಾಗಿ ಬಿಗಿಯಿತು. ನಾನು ಕೈಗಳ ಮೇಲೆ ಕೂತುಕೊಂಡೆ. ತಲೆ ಬಗ್ಗಿಸಿ, ನನ್ನ ಲಂಗದ ಅಂಚನ್ನೇ ಬಾಯಿಗೆ ತುರುಕಿ ಕಚ್ಚಿ ಹಿಡಿದೆ. ಬಟ್ಟೆಗೆ ಸೋಪಿನ ರುಚಿ, ಬೂದಿಯ ರುಚಿ. ಕಣ್ಣಿನಲ್ಲಿ ನೀರು ತುಂಬಿ ಕಪ್ಪುಹಲಗೆಯ ಅಕ್ಷರಗಳು ಈಜಾಡುತ್ತಿದ್ದವು. ಆ ನೀರಿನಾಚೆ ನನಗೆ ಬಿದಿರಿನ ತಟ್ಟೆಗಳು ಕಾಣುತ್ತಿದ್ದವು. ಸಂಜೆ ಜಗಲಿಯ ಮೇಲೆ ಕೂತು ದಾರಿ ಕಾದೆ. ಟೀಚರ್ ನಡಿಗೆ ನಿಲ್ಲಿಸದೆಯೇ ನಮ್ಮ ಮನೆಯ ಕಡೆ ತಿರುಗಿ ಹೇಳಿದರು:

"ಕೆಂಪಮ್ಮಾ, ನಿಮ್ ಮಂಜುಳ ಇವತ್ತು ಜಾಣೆ."

ಅತ್ತೆ ನನ್ನ ಕಾಲು ತೊಳೆದಳು, ಸೋಪು ಹಚ್ಚಿ ಕೈ ತೊಳೆದಳು, ಲಂಗದ ತುದಿಯ ಧೂಳನ್ನು ಕೊಡವಿದಳು. ಹೊಸ್ತಿಲಿನ ಉದ್ದಕ್ಕೂ ಸುಣ್ಣದ ಪುಡಿ ಬಿಳಿ ಗೆರೆಯಾಗಿ ಹರಡಿತ್ತು.

"ಒಳಗೆ ಗಟ್ಟಿಯಾಗಿ ಮಾತಾಡೋ ಹಂಗಿಲ್ಲ. ಹುಳ ಬೆಚ್ಚಿಬೀಳ್ತವೆ. ಮಾತಾಡ್ಲೇಬೇಕು ಅನ್ಸಿದ್ರೆ ಬರೀ ಉಸ್ರಲ್ಲಿ ಮಾತಾಡು."

ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು. ಮೊದಲು ಏನೂ ಕಾಣಲಿಲ್ಲ, ಕೇಳಿಸಿತು. ಹೆಂಚಿನ ಮೇಲೆ ಸೋನೆ ಹಿಡಿದಂಥ ಸದ್ದು. ಬಿಡುವಿಲ್ಲದ, ಏರದ ಇಳಿಯದ ಸದ್ದು. ಆದರೆ ಹೊರಗೆ ಈಗಷ್ಟೇ ಬಿಸಿಲಿತ್ತಲ್ಲ? ನಿಧಾನವಾಗಿ ಕಣ್ಣು ಪಳಗಿತು. ಪರದೆಯ ಮೂಲಕ ಬಂದ ಸಂಜೆಯ ಬೆಳಕು ಜರಡಿ ಹಿಡಿದ ಹಿಟ್ಟಿನಂತೆ ತಟ್ಟೆಗಳ ಮೇಲೆ ಉದುರುತ್ತಿತ್ತು. ತಟ್ಟೆಗಳನ್ನು ಹೊತ್ತ ಮರದ ಚೌಕಟ್ಟಿನ ಕಾಲುಗಳೆಲ್ಲ ನೀರು ತುಂಬಿದ ಬಟ್ಟಲುಗಳಲ್ಲಿ ನಿಂತಿದ್ದವು, ಇರುವೆ ಹತ್ತಬಾರದೆಂದು. ಇಡೀ ಮನೆಯೇ ನೀರಿನ ಮೇಲೆ ನಿಂತಂತೆ ಕಂಡಿತು ನನಗೆ. ಅತ್ತೆ ಒಂದು ತಟ್ಟೆಯನ್ನು ನನ್ನ ಮುಖದ ಮಟ್ಟಕ್ಕೆ ಎಳೆದಳು. ಸೊಪ್ಪಿನ ಅಂಚುಗಳಲ್ಲಿ ಬಿಳಿಯ, ತಣ್ಣನೆಯ, ನನ್ನ ಬೆರಳಿನಷ್ಟು ದಪ್ಪದ ಹುಳುಗಳು ತಲೆ ಮೇಲೆ ಕೆಳಗೆ ಆಡಿಸುತ್ತ ತಿನ್ನುತ್ತಿದ್ದವು. ಎಲೆ ನೋಡನೋಡುತ್ತಿದ್ದಂತೆ ಕರಗುತ್ತಿತ್ತು.

"ಅತ್ತೆ, ಮಳೆ ಬರ್ತಾ ಐತಾ?" ಎಂದೆ ನಾನು, ಅವಳು ಹೇಳಿದಂತೆ ಬರೀ ಉಸಿರಿನಲ್ಲಿ.

"ಇಲ್ಲ ಕಣೇ. ಅವು ತಿಂತಾ ಅವೆ. ಅದೇ ಸದ್ದು."

ಆಮೇಲೆ, ಸ್ವಲ್ಪ ಹೊತ್ತಿನ ಮೇಲೆ ನನಗೆ ಹೊಳೆಯಿತು. ಮಳೆ ಎಂಬ ಮಾತು ನನ್ನ ಬಾಯಿಂದ ಇಡಿಯಾಗಿ ಬಂದಿತ್ತು. ನನ್ನ ಹೆಸರಿನ ಮೊದಲ ಅಕ್ಷರವೇ ಅದರದೂ. ಎಲ್ಲೂ ಸಿಕ್ಕಿಕೊಳ್ಳದೆ, ಬೆಣ್ಣೆ ಹಚ್ಚಿದ ಹಾಗೆ ಜಾರಿ ಬಂದಿತ್ತು. ಇನ್ನೊಮ್ಮೆ ಪ್ರಯತ್ನಿಸಿದೆ. ಮಳೆ. ಮನೆ. ಮಂಜುಳ. ಉಸಿರಿನಲ್ಲಿ ಹೇಳಿದ ಮಾತು ಒಡೆಯುವುದಿಲ್ಲ. ಆ ಹೊತ್ತು ನನ್ನ ಒಳಗೆ ಎದ್ದದ್ದನ್ನು ಸಂತೋಷ ಎಂದು ಕರೆದರೆ ಚಿಕ್ಕದಾಗುತ್ತದೆ. ನಮ್ಮದೇ ಮನೆಯಲ್ಲಿ ನನಗೆ ಗೊತ್ತೇ ಇರದಿದ್ದ ಇನ್ನೊಂದು ಕೋಣೆ ತೆರೆದುಕೊಂಡಂತಾಗಿತ್ತು. ಅತ್ತೆಗೆ ಇದು ತಿಳಿಯಿತೋ ಇಲ್ಲವೋ. ಅವಳು ನನ್ನ ಕಡೆ ತಿರುಗಲೂ ಇಲ್ಲ, ಭೇಷ್ ಎನ್ನಲೂ ಇಲ್ಲ. ಸೊಪ್ಪು ಹರಡುತ್ತ, "ಇವತ್ತು ಇಸ್ಕೂಲಲ್ಲಿ ಏನಾಯ್ತು ಹೇಳು" ಎಂದಳು. ನಾನು ಹೇಳಿದೆ. ಹುಟ್ಟಿದಾಗಿನಿಂದ ಕೂಡಿಟ್ಟ ಮಾತೆಲ್ಲ ಆ ಸಂಜೆಯೇ ಖರ್ಚಾಗಬೇಕೆಂಬಂತೆ ಹೇಳಿದೆ.

ಹೀಗೆ ಒಂದು ಬೆಳೆ ಗೂಡಾಯಿತು, ಇನ್ನೊಂದು ಬಂತು. ಹುಳುಗಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲ್ಲಾಡದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನಾನು ನಿಜವಾದ ಜ್ವರವೆಂದೇ ತಿಳಿದು, ನನ್ನ ಹಣೆ ಮುಟ್ಟಿಕೊಂಡು, ಆಮೇಲೆ ತಟ್ಟೆಯ ಹತ್ತಿರ ಬಗ್ಗಿ ಅವುಗಳಿಗೆ ಉಸಿರಿನಲ್ಲೇ ಸಮಾಧಾನ ಹೇಳುತ್ತಿದ್ದೆ. ಹಣ್ಣಾದ ಹುಳುಗಳು ಜೇನಿನ ಬಣ್ಣಕ್ಕೆ ತಿರುಗುತ್ತಿದ್ದವು. ಬೆಳಕಿಗೆ ಹಿಡಿದರೆ ಮೈಯೊಳಗೆಲ್ಲ ದೀಪ ಹಚ್ಚಿದಂತೆ. ಅವನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ಸುರುಳಿಗಳ ಮೇಲೆ ಬಿಡುವ ಕೆಲಸ ಅತ್ತೆ ನನಗೂ ಕೊಟ್ಟಳು. ಹುಳು ಇಲ್ಲದ ದಿನಗಳಲ್ಲಿ ಜಾಣತನಕ್ಕೆ ಹಿಪ್ಪುನೇರಳೆ ತೋಟ. ಸಾಲುಗಳ ನಡುವೆ ನಡೆಯುತ್ತ ಹಣ್ಣು ಕಿತ್ತು ತಿಂದು ನಾಲಗೆ, ಬೆರಳು ಎಲ್ಲ ನೇರಳೆಯಾಗಿ ಬರುತ್ತಿದ್ದೆ. ದಿನವೂ ಜಾಣೆಯಾಗಿದ್ದೆ ಎಂದಲ್ಲ. ಟೀಚರ್ ಕೆಲವು ಸಂಜೆ ತಲೆಯನ್ನು ಮೆಲ್ಲಗೆ ಅಡ್ಡ ಆಡಿಸಿ ಹೋಗುತ್ತಿದ್ದರು. ಆ ದಿನ ನಾನು ಮತ್ತೆ ಕಿಟಕಿಯ ಹೊರಗಿನ ಕಲ್ಲಿನ ಮೇಲೆ. ಅತ್ತೆ ನನ್ನ ಕಡೆ ಸಿಡುಕುತ್ತಿರಲಿಲ್ಲ, ಕರಗುತ್ತಲೂ ಇರಲಿಲ್ಲ. "ನಾಳೆ ಬಾ" ಎನ್ನುತ್ತಿದ್ದಳು ಒಳಗಿನಿಂದ, ನೆಂಟರಿಗೆ ಹೇಳುವಂತೆ.

ಅಪ್ಪ ಹೇಳಿದ್ದೂ ಪೂರ್ತಿ ಸುಳ್ಳಾಗಲಿಲ್ಲ. ಒಂದು ಮಧ್ಯಾಹ್ನ ಹೊಲದಿಂದ ಬಂದವರು ಜಗಲಿಯ ಮೇಲೆ ಕೂತು, "ಒಂದ್ ಚೊಂಬು ನೀರ್ ತಗೊಂಡ್ ಬಾರವ್ವ" ಎಂದರು. ನಾನು ಸೊಂಟದ ಮೇಲೆ ಕೈಯಿಟ್ಟು ಕೇಳಿದೆ:

"ತ-ತಂದ್ರೆ ಏನ್ ಕೊ-ಕೊಡ್ತೀಯ?"

ಅಪ್ಪನ ಮುಖದಲ್ಲಿ ಸಿಟ್ಟಿಗಿಂತ ಗೆಲುವೇ ಹೆಚ್ಚಾಗಿ ಹೊಳೆಯಿತು.

"ಅಕ್ಕಾ! ಬಾ ಇಲ್ಲಿ, ನೋಡ್ಬಾ ನಿನ್ ವಿದ್ಯೇನ!"

ಅತ್ತೆ ಬಂದಳು, ಕೇಳಿದಳು, ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ತಾನೇ ಚೊಂಬಿನಲ್ಲಿ ನೀರು ತಂದು ತಮ್ಮನಿಗೆ ಕೊಟ್ಟು ನನ್ನ ಪಕ್ಕ ಕೂತಳು.

"ಕಷ್ಟ ಆಗೋ ಕೆಲ್ಸಕ್ಕೆ ಮಾತ್ರ ಕಣೇ ಏನಾರ ಕೊಡೋದು. ಕಚ್ದೆ ಇರೋದು ನಿಂಗೆ ಕಷ್ಟ. ಬಿಸಿಲಲ್ಲಿ ಬಂದೋರ್ಗೆ ನೀರ್ ಕೊಡೋದು ಕಷ್ಟಾನಾ?"

ನಾನೀಗ ನೆಲಮಂಗಲದ ಹತ್ತಿರ, ಅರಿಶಿನಕುಂಟೆಯ ಕಡೆ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಕಿಟಕಿಯಾಚೆ ಹೆದ್ದಾರಿಯ ಲಾರಿಗಳು ದಿನವಿಡೀ ಗುಡುಗುತ್ತವೆ. ಚೆನ್ನಾಗಿ ನಡೆದುಕೊಂಡ ಮಕ್ಕಳ ಕೈಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸುವುದು ನಮ್ಮಲ್ಲಿ ಪದ್ಧತಿ. ಬೇಕೋ ಬೇಡವೋ ಎಂದು ಸ್ಟಾಫ್ ರೂಮಿನಲ್ಲಿ ವಾದವಾಗುತ್ತದೆ. ಒಬ್ಬರು ಥೇಟ್ ನಮ್ಮಪ್ಪನ ಮಾತು ಆಡುತ್ತಾರೆ, ಮತ್ತೊಬ್ಬರು ನಮ್ಮತ್ತೆಯದು. ನಾನು ಯಾವ ಪಕ್ಷವನ್ನೂ ಸೇರದೆ ಟೀ ಕುಡಿಯುತ್ತೇನೆ. ನನಗೆ ಸಿಕ್ಕಿದ ಬಹುಮಾನ ಹುಳುವೋ, ಪಿಸುಮಾತೋ, ಅಥವಾ ದಿನದ ಕೊನೆಗೆ ನನ್ನ ಮಾತು ಕೇಳಲೆಂದೇ ಕೂತಿದ್ದ ಒಬ್ಬ ಹೆಂಗಸೋ, ಇಷ್ಟು ವಯಸ್ಸಾದರೂ ಬಿಡಿಸಿ ಹೇಳಲಾರೆ. ಆದರೆ ಒಂದು ಮಳೆಗಾಲದಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ಕತೆ ಸುಳ್ಳಾಗುತ್ತದೆ.

ಆ ಸಲ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹುಳುಮನೆಯ ಒಳಗಿನ ಸದ್ದಿಗೂ ಹೊರಗಿನ ಸದ್ದಿಗೂ ವ್ಯತ್ಯಾಸ ತಿಳಿಯದಂತಾಗಿತ್ತು. ನಾನು ಎರಡು ಮಳೆಗಳ ನಡುವೆ ನಿಂತವಳಂತೆ ಸುಮ್ಮನೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಹುಳುಗಳು ಕೊನೆಯ ಜ್ವರ ಬಿಟ್ಟು ಎದ್ದಿದ್ದವು, ಮೈತುಂಬ ಹಸಿವು. ಇನ್ನೇನು ಹಣ್ಣಾಗಬೇಕು. ಆಗ ಒಂದು ಬೆಳಿಗ್ಗೆ ಒಳಗಿನ ಸದ್ದು ತೆಳುವಾಯಿತು. ಅತ್ತೆ ತಟ್ಟೆಯಿಂದ ತಟ್ಟೆಗೆ ಓಡಾಡುತ್ತಿದ್ದಳು. ಹುಳುಗಳು ಸೊಪ್ಪಿನ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದವು. ಮುಟ್ಟಿದರೆ ಮೆತ್ತಗೆ, ಒಳಗೇನೂ ಇಲ್ಲದಂತೆ. ಸಂಜೆಯ ಹೊತ್ತಿಗೆ ಮನೆಯ ತುಂಬ ಕೆಟ್ಟ ವಾಸನೆ. ಸಪ್ಪೆ ರೋಗ ಎಂದರು ದೊಡ್ಡವರು. ಅಮ್ಮ ಒಲೆಯ ಮುಂದೆ ಕೈ ಕಟ್ಟಿಕೊಂಡು ಕೂತುಬಿಟ್ಟಳು. ತಾತ ಹೊಂಗೆಮರದ ಕೆಳಗೆ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಅಪ್ಪ ನೆನೆದ ಗೋಣಿಚೀಲವನ್ನು ತಲೆಯಿಂದ ಕಿತ್ತೆಸೆದು ಹಿತ್ತಿಲಲ್ಲೇ ಕೂಗಾಡಿದರು. ಆ ಹಿತ್ತಿಲಲ್ಲಿ ಯಾರೂ ಹಾಗೆ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬಡ್ಕೊಂಡೆ ನಾನು, ಮಗೂನ ಒಳಗ್ ಬಿಡ್ಬೇಡ ಅಂತ! ಊರ್ ಕೊಳೆ ಎಲ್ಲ ತುಳ್ಕೊಂಡ್ ಬರ್ತಾಳೆ ಅವ್ಳು. ಅವ್ಳಿಗ್ ಬುದ್ಧಿ ಕಲ್ಸೋಕೆ ಹೋಗಿ ಮನೆ ಬೆಳೇನೇ ಕಳ್ದೆ. ಇನ್ಮೇಲೆ ಹುಳದ್ ಮನೆ ವಿಚಾರ ನಾನ್ ನೋಡ್ಕೋತೀನಿ."

"ಮಗು ಎದುರ್ಗೆ ಬೇಡ ಕಣೋ" ಎಂದಳು ಅತ್ತೆ.

"ಯಾಕ್ ಬೇಡ? ಕೇಳ್ಲಿ!"

ನಾನು ಕೇಳಿದೆ. ಕಾಳು ತುಂಬಿಡುವ ಮಣ್ಣಿನ ವಾಡೆಯ ಹಿಂದಿನ ಸಂದಿಯಲ್ಲಿ ಕೂತು ಎಲ್ಲವನ್ನೂ ಕೇಳಿದೆ. ನನ್ನ ಪಾದಗಳನ್ನು ನೋಡಿಕೊಂಡೆ. ಅತ್ತೆ ದಿನವೂ ಉಜ್ಜಿ ಉಜ್ಜಿ ತೊಳೆದ ಪಾದಗಳು. ಬೆರಳ ಸಂದಿಯಲ್ಲಿ ಎಲ್ಲೋ ಒಂದಿಷ್ಟು ಕೊಳೆ ಉಳಿದಿದ್ದಿರಬೇಕು, ಅದೇ ಅವನ್ನು ಕೊಂದಿರಬೇಕು ಅನ್ನಿಸಿತು. ಅಥವಾ ನನ್ನ ಮಾತು. ಅಷ್ಟೊಂದು ಮಾತಾಡಬಾರದಿತ್ತು. ನನ್ನ ಉಗ್ಗೆಲ್ಲ ಉಸಿರಿನ ಜೊತೆ ಹೋಗಿ ಅವುಗಳ ಮೈ ಸೇರಿತೇನೋ ಎಂದೂ ಅನ್ನಿಸಿತು. ಮಾರನೆಯ ಬೆಳಿಗ್ಗೆ ತೋಟದಾಚೆ ಗುಂಡಿ ತೋಡಿ, ತಟ್ಟೆಗಳನ್ನು ಒಂದೊಂದಾಗಿ ಬಗ್ಗಿಸಿ ಸುರಿದು, ಮೇಲೆ ಸುಣ್ಣ ಚೆಲ್ಲಿ ಮಣ್ಣೆಳೆದರು. ಅತ್ತೆ ಅಳಲಿಲ್ಲ. ಮುಗಿದ ಮೇಲೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತಳು. ಒರೆಸುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ.

ಎರಡು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ, ಶಾಲೆಗೂ ಹೋಗಲಿಲ್ಲ. ಯಾರೂ ಹೋಗು ಎನ್ನಲೂ ಇಲ್ಲ. ಮೂರನೆಯ ದಿನ ಮಳೆ ಬಿಟ್ಟು, ಎಲ್ಲದರ ಮೇಲೂ ಎಳೆಬಿಸಿಲು ಬಿತ್ತು. ಅಪ್ಪ ತೊಟ್ಟಿಯ ಹತ್ತಿರ ಬಿದಿರಿನ ತಟ್ಟೆಗಳನ್ನು ಉಜ್ಜುತ್ತಿದ್ದರು. ನಾನು ದೂರದಲ್ಲಿ ತೊಗರಿ ಗಿಡದ ಮರೆಯಲ್ಲಿ ನಿಂತಿದ್ದೆ. ಅವರು ತಲೆಯೆತ್ತದೆ ಕರೆದರು.

"ಮಂಜಿ, ಬಾ ಇಲ್ಲಿ."

ಹೋದೆ. ಅವರು ತಟ್ಟೆಯ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜುತ್ತಿದ್ದರು.

"ಅವು ಸತ್ತಿದ್ದು ನಿನ್ನಿಂದ ಅಲ್ಲ ಕಣವ್ವ. ಮಳೇಲಿ ನೆಂದ್ ಸೊಪ್ಪು ಕೊಯ್ಕೊಂಡ್ ಬಂದೋನು ನಾನು. ಆರಿಸ್ದೆ ಹಾಕ್ಬೇಡ ಅಂತ ನಿಮ್ಮತ್ತೆ ಹೇಳಿದ್ಲು. ಹಸ್ಕೊಂಡವೆ, ಆರೋವರ್ಗೂ ಎಲ್ ಕಾಯೋದು ಅಂತ ನಾನೇ ಜೋರ್ ಮಾಡಿ ಹಾಕಿಸ್ದೆ."

ಅಷ್ಟು ಹೇಳಿ ತಟ್ಟೆಯ ಮೇಲೆ ನೀರು ಸುರಿದರು. ಅಪ್ಪ ನನ್ನ ಹತ್ತಿರ ಅಂಥ ಮಾತನ್ನು ಅದಕ್ಕೆ ಮುಂಚೆ ಆಡಿರಲಿಲ್ಲ, ಆಮೇಲೂ ಆಡಿದ ನೆನಪಿಲ್ಲ. ನಾನು ಪಕ್ಕದಲ್ಲಿದ್ದ ತೆಂಗಿನ ನಾರಿನ ಗುಂಜು ಎತ್ತಿಕೊಂಡು ತಟ್ಟೆಯ ಇನ್ನೊಂದು ಬದಿಯನ್ನು ಉಜ್ಜತೊಡಗಿದೆ. ಅವರು ತಡೆಯಲಿಲ್ಲ. ಒಂದು ತಟ್ಟೆ ಮುಗಿದ ಮೇಲೆ, "ಇಸ್ಕೂಲ್ಗೆ ಹೊತ್ತಾಯ್ತಲ್ಲ" ಎಂದರು. ನಾನು ಎದ್ದು ಚೀಲ ತಗುಲಿಸಿಕೊಂಡೆ.

ಹೊಲದ ದಾರಿಯಲ್ಲಿ ನಡೆಯುವಾಗ ಒಂದು ಯೋಚನೆ ನನ್ನ ಜೊತೆಗೇ ನಡೆದುಬರುತ್ತಿತ್ತು. ಇವತ್ತು ಕಚ್ಚಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ಕಚ್ಚದಿದ್ದರೂ ಸಿಗುವುದು ಏನೂ ಇಲ್ಲ. ಶಾಲೆಯ ಅಂಗಳದಲ್ಲಿ ಮುನಿರಾಜ ಕಾದೇ ಇದ್ದವನಂತೆ ಎದುರಾದ. ಅವನ ಹಿಂದೆ ಅವನ ಮಂದೆ.

"ನಿಮ್ಮನೆ ಹುಳ ಎಲ್ಲ ಸತ್ತೋಯ್ತಂತೆ! ಈಗ ಕಚ್ಚೇ ನೋಡಾಣ. ಏನ್ ಕೊಡ್ತಾಳಂತೆ ನಿಮ್ಮತ್ತೆ? ಕಚ್ಚೇ ಮೇಕೆ!"

ಅವನ ತೋಳು ನನ್ನ ಬಾಯಿಗೆ ಅಷ್ಟು ಹತ್ತಿರದಲ್ಲಿತ್ತು. ಹಿಂದಿನ ಗಾಯದ ಕಲೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ದವಡೆ ಬಿಗಿಯಿತು. ಸತ್ತ ಹುಳುಗಳ ಹೆಸರನ್ನು ಅವನು ಎತ್ತಿದ್ದಕ್ಕೆ ಬಂದ ಸಿಟ್ಟು, ಮೇಕೆ ಎಂದದ್ದಕ್ಕಿಂತ ದೊಡ್ಡದು. ನಾನು ಬಾಯಿ ತೆರೆದೆ. ಅವನು ತೋಳು ಹಿಂದಕ್ಕೆ ಎಳೆದುಕೊಂಡ. ಆದರೆ ತೆರೆದ ಬಾಯಿಯಿಂದ ಮಾತೇ ಹೊರಟಿತು. ಪಿಸುಮಾತಲ್ಲ, ಅಂಗಳಕ್ಕೆಲ್ಲ ಕೇಳುವಂಥದು.

"ಕ-ಕ-ಕಚ್ಚಲ್ಲ ಹೋಗೋ. ನಾ-ನಾನು ಮಾ... ಮಾ... ಮಾತಾಡ್ತೀನಿ."

ಮಂದೆ ನಕ್ಕಿತು. ಚೆನ್ನಾಗಿಯೇ ನಕ್ಕಿತು. ಮುನಿರಾಜನೂ ನಕ್ಕ, ಆದರೆ ಅವನ ನಗು ನಡುವೆಯೇ ನಿಂತಿತು. ತಯಾರಾಗಿ ಬಂದಿದ್ದ ಆಟಕ್ಕೆ ಎದುರಾಳಿಯೇ ಸಿಗದವನಂತೆ ನನ್ನನ್ನು ನೋಡುತ್ತ ನಿಂತ. ನಾನು ಅವನ ಪಕ್ಕದಿಂದ ಹಾದು ಒಳಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಗೆದ್ದೆ ಎಂದು ಅನ್ನಿಸಲಿಲ್ಲ. ದೊಡ್ಡ ಹೊರೆ ಹೊತ್ತು ಏರಿ ಹತ್ತಿ ಬಂದವಳಂತೆ ಬರೀ ಸುಸ್ತು.

ಅವತ್ತು ಸಂಜೆ ಟೀಚರ್ ನಮ್ಮ ಮನೆಯ ಮುಂದೆ ಬಂದಾಗ ಕೆಂಪತ್ತೆ ಜಗಲಿಯ ಮೇಲೆ ಕೂತು ಕಾಳು ಆರಿಸುತ್ತಿದ್ದಳು. ಹುಳುಮನೆ ಕಳೆದುಕೊಂಡ ಮೇಲೆ ಅವಳ ಕೈಗಳಿಗೆ ಏನಾದರೊಂದು ಬೇಕಾಗಿತ್ತು. ಟೀಚರಿಗೆ ನಮ್ಮ ಮನೆಯಲ್ಲಿ ನಡೆದದ್ದು ತಿಳಿದಿತ್ತು. ಅವರು ಎಂದಿನಂತೆ ನಡೆಯುತ್ತಲೇ ಹೇಳದೆ, ಛತ್ರಿ ಊರಿ ನಿಂತುಕೊಂಡರು.

"ಕೆಂಪಮ್ಮಾ, ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ನಿಮ್ ಮಂಜುಳ ಇವತ್ತೂ ಜಾಣೆ."

ಅತ್ತೆ ಮೊರವನ್ನು ಕೆಳಗಿಟ್ಟಳು. ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಕೇಳುವುದಕ್ಕೆ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಕೊಡುವುದಕ್ಕೆ ಏನೂ ಇಲ್ಲವೆಂದು ಅವಳಿಗೂ ಗೊತ್ತಿತ್ತು. ಅಂಗಳದಲ್ಲಿ ಎತ್ತು ಕಟ್ಟುತ್ತಿದ್ದ ಅಪ್ಪ ಒಮ್ಮೆ ತಿರುಗಿ ನೋಡಿ, ಹುಳುಮನೆಯ ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ, ಜಗಲಿಯ ಅಂಚಿಗೆ ಅಕ್ಕನ ಪಕ್ಕದಲ್ಲಿಟ್ಟು ಹೋದರು.

"ಬಾ" ಎಂದಳು ಅತ್ತೆ.

"ಒ-ಒಳಗೇನೂ ಇಲ್ವಲ್ಲತ್ತೆ?"

"ಇಲ್ದಿದ್ರೆ ಏನಾಯ್ತು. ಬಾ."

ಅವಳು ನನ್ನ ಕಾಲು ತೊಳೆಯಲಿಲ್ಲ. ಬಾಗಿಲು ಪೂರ್ತಿ ತೆರೆದಿಟ್ಟಳು. ಒಳಗೆ ಖಾಲಿ ಚೌಕಟ್ಟುಗಳು, ಸುಣ್ಣ ಬಳಿದ ಗೋಡೆ, ಒಣಗಿದ ನೆಲ. ಕಿಟಕಿಯ ಪರದೆಯನ್ನೂ ತೆಗೆದಿದ್ದರಿಂದ ಸಂಜೆಯ ಬಿಸಿಲು ತಡೆಯಿಲ್ಲದೆ ಒಳಗೆ ಬಂದು, ಆ ಕೋಣೆ ಇಷ್ಟು ದೊಡ್ಡದಿತ್ತೇ ಎನ್ನಿಸಿತು. ನಾವಿಬ್ಬರೂ ನೆಲದ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತೆವು.

"ಏನಾಯ್ತು ಇವತ್ತು, ಹೇಳು" ಎಂದಳು.

ನಾನು ಅಭ್ಯಾಸದಂತೆ ಉಸಿರಿನಲ್ಲಿ ಶುರುಮಾಡಿದೆ. ಎರಡು ಮಾತು ಆಡುವಷ್ಟರಲ್ಲಿ, ಬೆಚ್ಚಿಬೀಳುವವರು ಅಲ್ಲಿ ಯಾರೂ ಇಲ್ಲವೆಂಬುದು ನೆನಪಾಯಿತು. ದನಿ ಎತ್ತಿದೆ. ದನಿ ಎತ್ತಿದೊಡನೆ ಮಾತು ಒಡೆಯಿತು, ಮೊದಲಿನಂತೆಯೇ ತುಂಡು ತುಂಡಾಗಿ, ಖಾಲಿ ಗೋಡೆಗಳಿಗೆ ಬಡಿದು ಎರಡೆರಡಾಗಿ ಕೇಳಿಸುತ್ತ. ಮುನಿರಾಜನ ಹೆಸರಿನ ಮೊದಲ ಅಕ್ಷರದಲ್ಲಿ ನಾನು ಎಷ್ಟೋ ಹೊತ್ತು ಸಿಕ್ಕಿಕೊಂಡೆ. ಎಲ್ಲರೂ ಅಂಥ ಹೊತ್ತಿನಲ್ಲಿ ನನ್ನ ಮಾತನ್ನು ತಾವೇ ಪೂರ್ತಿಮಾಡಿಬಿಡುತ್ತಿದ್ದರು, ಅಮ್ಮ ಕೂಡ. ಅತ್ತೆಗೆ ಆ ಹೆಸರು ಗೊತ್ತಿತ್ತು, ಆದರೂ ಹೇಳಿಕೊಡಲಿಲ್ಲ. ನನ್ನ ಬಾಯಿಯನ್ನೂ ನೋಡಲಿಲ್ಲ. ಎದುರಿನ ಕಿಟಕಿಯನ್ನು ನೋಡುತ್ತ, ಬಸ್ಸಿಗೆ ಕಾಯುವವಳಂತೆ ನೆಮ್ಮದಿಯಾಗಿ ಕಾದಳು. ಅಕ್ಷರ ಬಿಡಿಸಿಕೊಂಡಿತು. ಮುಂದಿನ ಮಾತು ಬಂತು, ಅದರ ಮುಂದಿನದು ಬಂತು. ನಾನು ಆಡಿದ ಮಾತಿಗೆ ಮಂದೆ ನಕ್ಕಿದ್ದು, ಮುನಿರಾಜನ ನಗು ನಡುವೆ ನಿಂತದ್ದು, ಎಲ್ಲವನ್ನೂ ಹೇಳುತ್ತಾ ಹೋದೆ. ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ಹೊಸ್ತಿಲಿಗೆ ಸರಿದು ಹೋಯಿತು. ಅಡುಗೆಮನೆಯಿಂದ ಅಮ್ಮ ಕೂಗಿದಳು, ಮುದ್ದೆ ಆರಿಹೋಗುತ್ತಿದೆ, ಇಬ್ಬರೂ ಬನ್ನಿ ಎಂದು.

ಅತ್ತೆ ಕೂತಲ್ಲಿಂದ ಅಲ್ಲಾಡದೆ ಗಟ್ಟಿಯಾಗಿ ಕೂಗಿ ಹೇಳಿದಳು:

"ಆರಿದ್ರೆ ಆರ್ಲಿ ಬಿಡೇ, ಮಗು ಮಾತಾಡ್ತಾ ಐತೆ."